ಕೊಳ್ಳಲು ಒಂದು ಕ್ಲಿಕ್, ಬಿಡಲು ಆರು: ಆನ್‌ಲೈನ್ ಅಂಗಡಿ ಬಳಸಲು ಸಲೀಸೇ ಎಂದು ಅಳೆಯುವುದು ಹೇಗೆ?

2025ರ ಸೆಪ್ಟೆಂಬರ್ 25ರಂದು ಅಮೆರಿಕದಿಂದ ಬಂದ ಒಂದು ಸುದ್ದಿ ತುಂಬಾ ಜನರಿಗೆ ಅರ್ಥವಾಗಲಿಲ್ಲ. ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, ಪ್ರೈಮ್ ಎಂಬ ಹಣ ಕಟ್ಟುವ ಸದಸ್ಯತ್ವದ ವಿಷಯದಲ್ಲಿ ಹೂಡಿದ್ದ ಮೊಕದ್ದಮೆಯನ್ನು ಮುಗಿಸಿಕೊಳ್ಳಲು ಅಮೆಜಾನ್ ಕಂಪನಿ 250 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 100 ಕೋಟಿ ಡಾಲರ್ ದಂಡ. ಉಳಿದ 150 ಕೋಟಿ ಡಾಲರ್ ಸುಮಾರು 3.5 ಕೋಟಿ ಗ್ರಾಹಕರಿಗೆ ವಾಪಸ್ ಹೋಗಬೇಕು. ಕಂಪನಿ ತಪ್ಪು ಒಪ್ಪಿಕೊಂಡಿಲ್ಲ. ಆದರೆ ಸಿಯಾಟಲ್‌ನ ಕೋರ್ಟಿನಲ್ಲಿ ವಿಚಾರಣೆ ಶುರುವಾದ ವಾರವೇ ರಾಜಿಗೆ ಬಂದಿತು.

ಗೊಂದಲ ಇರುವುದು ಇಲ್ಲಿ. ಒಂದೇ ಕ್ಲಿಕ್ಕಿನಲ್ಲಿ ಸಾಮಾನು ಕೊಳ್ಳುವ ವಿಧಾನಕ್ಕೆ 1999ರಲ್ಲಿ ಪೇಟೆಂಟ್ ಪಡೆದ ಕಂಪನಿ ಇದು. ಆನ್‌ಲೈನ್ ಅಂಗಡಿ ಹೇಗೆ ಸಲೀಸಾಗಿರಬೇಕು ಎಂಬುದಕ್ಕೆ ಬೇರೆಯವರು ಮಾದರಿಯಾಗಿ ನೋಡುವುದು ಇದನ್ನೇ. ಹಾಗಿದ್ದ ಮೇಲೆ, ಬಳಸಲು ಕಷ್ಟವಾಗಿತ್ತು ಎಂಬ ಆರೋಪ ಅದರ ಮೇಲೆ ಬಂದದ್ದು ಹೇಗೆ? ಪರೀಕ್ಷೆ ಮಾಡದೆ ಬಿಟ್ಟಿದ್ದರಾ? ಇಲ್ಲ. ಇಷ್ಟು ಪರೀಕ್ಷೆ ಮಾಡುವ ಕಂಪನಿಗಳೇ ಕಡಿಮೆ. ಹಾಗಾದರೆ ಪರೀಕ್ಷೆ ಅಳೆದದ್ದು ಏನನ್ನು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಮೊಕದ್ದಮೆಯಲ್ಲಿ ಇದ್ದದ್ದು

ಎಫ್‌ಟಿಸಿ 2023ರ ಜೂನ್‌ನಲ್ಲಿ ಹೂಡಿದ ಮೊಕದ್ದಮೆಯಲ್ಲಿ ಎರಡು ಮುಖ್ಯ ಆರೋಪಗಳಿದ್ದವು. ಮೊದಲನೆಯದು, ಸಾಮಾನು ಕೊಳ್ಳಲು ಬಂದವರನ್ನು ಅವರಿಗೆ ಸರಿಯಾಗಿ ಗೊತ್ತಾಗದಂತೆ ಪ್ರೈಮ್ ಸದಸ್ಯತ್ವಕ್ಕೆ ಸೇರಿಸಲಾಯಿತು. ಎರಡನೆಯದು, ಬಿಟ್ಟು ಹೋಗಲು ಬಯಸಿದವರ ದಾರಿಯನ್ನು ಬೇಕೆಂದೇ ಉದ್ದ ಮಾಡಲಾಯಿತು. ಸದಸ್ಯತ್ವ ರದ್ದು ಮಾಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆಗಳನ್ನು ದಾಟಬೇಕಿತ್ತು ಎಂದು ದೂರು ಹೇಳುತ್ತದೆ. ಕಂಪನಿಯೊಳಗೆ ಈ ದಾರಿಗೆ ‘ಇಲಿಯಡ್’ ಎಂದು ಹೆಸರಿತ್ತಂತೆ. ಟ್ರಾಯ್‌ನ ದೀರ್ಘ ಯುದ್ಧವನ್ನು ಹಾಡುವ ಗ್ರೀಕ್ ಮಹಾಕಾವ್ಯದ ಹೆಸರು ಅದು.

ಇಷ್ಟು ಉದ್ದದ ದಾರಿ ತಾಂತ್ರಿಕವಾಗಿ ಬೇಕೇ ಬೇಕಿತ್ತಾ? ಉತ್ತರ ಯುರೋಪಿನಲ್ಲಿದೆ. ಅಲ್ಲಿನ ಗ್ರಾಹಕ ಸಂಘಟನೆಗಳ ದೂರಿನ ನಂತರ, 2022ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ ಜೊತೆ ಮಾತುಕತೆಯಾಗಿ, ಇದೇ ಕಂಪನಿ ಇದೇ ಸದಸ್ಯತ್ವವನ್ನು ಎರಡು ಕ್ಲಿಕ್ಕಿನಲ್ಲಿ ರದ್ದು ಮಾಡಲು ಬಿಟ್ಟಿತು. ಅಮೆರಿಕದಲ್ಲಿ ದಾರಿ ಚಿಕ್ಕದಾದದ್ದು 2023ರ ಏಪ್ರಿಲ್‌ನಲ್ಲಿ, ಮೊಕದ್ದಮೆ ಬೀಳುವುದಕ್ಕೆ ಸ್ವಲ್ಪ ಮೊದಲು.

‘ಸಲೀಸು’ ಅಂದರೆ ಯಾರಿಗೆ, ಯಾವ ಕೆಲಸಕ್ಕೆ?

ಬಳಸಲು ಎಷ್ಟು ಸಲೀಸು ಎಂಬುದನ್ನು ಈ ಕ್ಷೇತ್ರದವರು ಯೂಸಬಿಲಿಟಿ ಎನ್ನುತ್ತಾರೆ. ಚೆಂದವಾಗಿರುವುದು, ಬೇಗ ತೆರೆದುಕೊಳ್ಳುವುದು ಇವೆಲ್ಲ ಅದಕ್ಕೆ ನೆರವಾಗುತ್ತವೆ, ಆದರೆ ಅವೇ ಯೂಸಬಿಲಿಟಿ ಅಲ್ಲ. ಅಂತರರಾಷ್ಟ್ರೀಯ ಗುಣಮಟ್ಟ ಐಎಸ್‌ಒ 9241-11 ಇದಕ್ಕೊಂದು ವಿವರಣೆ ಕೊಡುತ್ತದೆ. 1998ರಲ್ಲಿ ಬಂದದ್ದು, 2018ರಲ್ಲಿ ಪರಿಷ್ಕರಣೆಯಾಯಿತು. ಇಂಥ ಜನ, ಇಂಥ ಕೆಲಸವನ್ನು, ಇಂಥ ಸಂದರ್ಭದಲ್ಲಿ ಮಾಡುವಾಗ ಮೂರು ಸಂಗತಿ ನೋಡಿ ಎನ್ನುತ್ತದೆ ಅದು. ಕೆಲಸ ಸರಿಯಾಗಿ ಮುಗಿಯಿತೇ? ಎಷ್ಟು ಶ್ರಮ, ಎಷ್ಟು ಹೊತ್ತು ಹಿಡಿಯಿತು? ಮಾಡಿದವರಿಗೆ ಸಮಾಧಾನವಾಯಿತೇ?

‘ಈ ಸೈಟು ಸಲೀಸಾಗಿದೆ’ ಎಂದು ಸುಮ್ನೆ ಹೇಳಿದರೆ ಅರ್ಥವಿಲ್ಲ ಎಂದಾಯಿತು, ಅಲ್ವಾ? ಯಾರಿಗೆ, ಯಾವ ಕೆಲಸಕ್ಕೆ ಎಂದು ಹೇಳಬೇಕು. ಆನ್‌ಲೈನ್ ಅಂಗಡಿಗೆ ಬರುವವರ ಕೆಲಸ ಬರೀ ಕೊಳ್ಳುವುದಲ್ಲ. ಎರಡು ಸಾಮಾನು ಹೋಲಿಸಿ ನೋಡಬೇಕು. ಕೊನೆಗೆ ಒಟ್ಟು ಎಷ್ಟಾಗುತ್ತದೆ ಎಂದು ತಿಳಿಯಬೇಕು. ಅಳತೆ ಸರಿಹೋಗದ್ದನ್ನು ವಾಪಸ್ ಕಳಿಸಬೇಕು. ಹಣ ಮರಳಿ ಬಂತಾ ಎಂದು ನೋಡಬೇಕು. ವಿಳಾಸ ಬದಲಿಸಬೇಕು, ಖಾತೆ ಮುಚ್ಚಬೇಕು. ‘ಬೇಡ’ ಎಂದು ನಿರ್ಧರಿಸಿ ಹೊರಡುವುದೂ ಒಂದು ಕೆಲಸವೇ.

ಹೆಚ್ಚಿನ ಅಂಗಡಿಗಳು ಅಳೆಯುವುದು ಈ ಪಟ್ಟಿಯಲ್ಲಿ ಒಂದನ್ನು ಮಾತ್ರ. ‘ನಿಮ್ಮ ಆರ್ಡರ್ ಸ್ವೀಕರಿಸಲಾಗಿದೆ’ ಎಂಬ ಪುಟ ಬಂದರೆ ಪರೀಕ್ಷೆ ಅಲ್ಲಿಗೆ ನಿಲ್ಲುತ್ತದೆ. ಆಮೇಲಿನದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇವತ್ತಿನ ಗೊಂದಲಕ್ಕೆ ಮೂಲ ಇದೇ ಎಂಬುದು ಈ ಲೇಖನದ ವಾದ.

ಪಕ್ಕದಲ್ಲಿ ಕೂತು ನೋಡುವ ಪರೀಕ್ಷೆ

ಅಳೆಯುವ ದಾರಿಗಳಲ್ಲಿ ಹಳೆಯದು, ಇವತ್ತಿಗೂ ಜಾಸ್ತಿ ಕಲಿಸುವುದು, ಬಳಸುವವರ ಪಕ್ಕ ಕೂತು ನೋಡುವುದು. ಒಬ್ಬರಿಗೆ ಒಂದು ಕೆಲಸ ಕೊಡುತ್ತಾರೆ. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ ಎನ್ನುತ್ತಾರೆ. ನೋಡುವವರು ನೆರವಾಗುವುದಿಲ್ಲ, ಬರೆದುಕೊಳ್ಳುತ್ತಾರೆ ಅಷ್ಟೇ.

ಕೆಲಸವನ್ನು ಹೇಗೆ ಕೊಡುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ‘ಫಿಲ್ಟರ್ ಬಳಸಿ ಕುರ್ಚಿ ಹುಡುಕಿ, ಕಾರ್ಟಿಗೆ ಸೇರಿಸಿ’ ಎಂದರೆ ಉತ್ತರವನ್ನೂ ಕೊಟ್ಟಂತಾಯಿತು. ‘ಚಿಕ್ಕ ಕೋಣೆಗೆ ಹಿಡಿಸುವ ಕುರ್ಚಿ ಬೇಕು, ಮುಂದಿನ ವಾರದೊಳಗೆ ಬರಬೇಕು’ ಎಂದರೆ ಆಗ ಬೇರೆಯದೇ ಕಾಣಿಸುತ್ತದೆ. ಅಳತೆಯ ವಿವರ ಫೋಟೋಗಳ ಕೆಳಗೆಲ್ಲೋ ಹೂತಿರುತ್ತದೆ. ಒಂದು ಕುರ್ಚಿ ನೋಡಿ ಹಿಂದಕ್ಕೆ ಬಂದರೆ ಹಾಕಿದ್ದ ಫಿಲ್ಟರ್ ಎಲ್ಲ ಅಳಿಸಿಹೋಗಿರುತ್ತದೆ. ಬೇಕಾದ ಬಣ್ಣ ಸ್ಟಾಕ್ ಇಲ್ಲ ಎಂಬುದು ಕಾರ್ಟ್‌ಗೆ ಹಾಕಿದ ಮೇಲೆ ತಿಳಿಯುತ್ತದೆ. ಕಾರ್ಡ್ ನಂಬರನ್ನು ಕಾರ್ಡಿನ ಮೇಲೆ ಇರುವ ಹಾಗೆಯೇ ಜಾಗ ಬಿಟ್ಟು ಟೈಪ್ ಮಾಡಿದರೆ ‘ತಪ್ಪು’ ಎನ್ನುತ್ತದೆ. ಒಂದು ಅಂಕಿ ತಪ್ಪಿದ್ದಕ್ಕೆ ಇಡೀ ಫಾರ್ಮ್ ಖಾಲಿಯಾಗುತ್ತದೆ. ಸಾಗಣೆ ಖರ್ಚು ಕೊನೆಯ ಪುಟದಲ್ಲಿ ಬಂದು ಸೇರಿಕೊಳ್ಳುತ್ತದೆ.

ಈ ಕೊನೆಯದು ಸಣ್ಣ ವಿಷಯವಲ್ಲ. ಕಾರ್ಟ್‌ಗೆ ಸಾಮಾನು ಹಾಕಿ ಕೊಳ್ಳದೆ ಹೋಗುವ ಪ್ರಮಾಣ ಸರಾಸರಿ ಸುಮಾರು 70% ಎಂದು ಈ ವಿಷಯವನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿರುವ ಬೇಮಾರ್ಡ್ ಸಂಸ್ಥೆ ಲೆಕ್ಕ ಹಾಕಿದೆ. ಸುಮ್ನೆ ನೋಡಲು ಬಂದವರನ್ನು ಬಿಟ್ಟರೆ, ಬಿಟ್ಟು ಹೋದವರು ಕೊಡುವ ಕಾರಣಗಳಲ್ಲಿ ಮೊದಲನೆಯದು ಕೊನೆಯಲ್ಲಿ ಸೇರಿಕೊಂಡ ಹೆಚ್ಚುವರಿ ಖರ್ಚು.

ಪಕ್ಕದಲ್ಲಿ ಕೂತು ನೋಡಿದರೆ ಏನು ಸಿಗುತ್ತದೆ ಎಂಬುದಕ್ಕೆ ಯೂಸಬಿಲಿಟಿ ತಜ್ಞ ಜೇರೆಡ್ ಸ್ಪೂಲ್ 2009ರಲ್ಲಿ ಬರೆದ ಒಂದು ಪ್ರಸಂಗ ಪ್ರಸಿದ್ಧ. ಒಂದು ದೊಡ್ಡ ಅಂಗಡಿಯ ಸೈಟು, ಹೆಸರು ಹೇಳಿಲ್ಲ. ಕಾರ್ಟ್ ತುಂಬಿ ಹಣ ಕೊಡಲು ಹೊರಟವರ ಮುಂದೆ ಲಾಗಿನ್ ಪುಟ ಬರುತ್ತಿತ್ತು. ಖಾತೆ ಇಲ್ಲದಿದ್ದರೆ ‘ರಿಜಿಸ್ಟರ್’ ಒತ್ತಬೇಕು. ಹಳೆಯ ಗ್ರಾಹಕರಿಗೆ ಇದರಿಂದ ಅನುಕೂಲ, ಹೊಸಬರು ಒಂದು ಸಲ ವಿವರ ತುಂಬಿದರೆ ಮುಗಿಯಿತು ಎಂದು ಮಾಡಿದವರು ನಂಬಿದ್ದರು. ಕೂತು ನೋಡಿದಾಗ ಎರಡೂ ಸುಳ್ಳಾಯಿತು. ಹೊಸಬರಿಗೆ ಖಾತೆಯೇ ಬೇಡ, ಸಾಮಾನು ಸಿಕ್ಕರೆ ಸಾಕು. ಹಳಬರಿಗೆ ಯಾವ ಇಮೇಲ್, ಯಾವ ಪಾಸ್‌ವರ್ಡ್ ಎಂದು ನೆನಪಿಲ್ಲ. ದಾಖಲೆ ನೋಡಿದರೆ 45% ಗ್ರಾಹಕರಿಗೆ ಒಂದಕ್ಕಿಂತ ಜಾಸ್ತಿ ಖಾತೆಗಳಿದ್ದವು. ದಿನಕ್ಕೆ 1,60,000 ಜನ ಪಾಸ್‌ವರ್ಡ್ ಕೇಳುತ್ತಿದ್ದರು, ಅವರಲ್ಲಿ ಮುಕ್ಕಾಲು ಪಾಲು ಆಮೇಲೆ ಕೊಳ್ಳಲೇ ಇಲ್ಲ. ‘ರಿಜಿಸ್ಟರ್’ ತೆಗೆದು ‘ಮುಂದುವರಿಯಿರಿ’ ಎಂಬ ಬಟನ್ ಇಟ್ಟರು. ಖಾತೆ ಇಲ್ಲದೆಯೂ ಕೊಳ್ಳಬಹುದು ಎಂದು ಪಕ್ಕದಲ್ಲಿ ಒಂದೆರಡು ಸಾಲು ಬರೆದರು. ಮೊದಲ ವರ್ಷ 30 ಕೋಟಿ ಡಾಲರ್ ಜಾಸ್ತಿ ವ್ಯಾಪಾರವಾಯಿತು ಎನ್ನುತ್ತಾರೆ ಸ್ಪೂಲ್.

ಇಲ್ಲಿ ಅಂಗಡಿಯ ಲಾಭವೂ ಗ್ರಾಹಕರ ಸಲೀಸೂ ಒಂದೇ ದಿಕ್ಕಿಗೆ ಹೋದವು. ಯೂಸಬಿಲಿಟಿಯ ಮಾತು ಬಂದಾಗಲೆಲ್ಲ ಇಂಥ ಕಥೆಗಳನ್ನೇ ಹೇಳುತ್ತಾರೆ. ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆಯುವ ಜಾಗಗಳ ಬಗ್ಗೆ ಮಾತು ಕಡಿಮೆ.

ಐದು ಜನ ಸಾಕೇ?

ಎಷ್ಟು ಜನರನ್ನು ಕೂರಿಸಿ ನೋಡಬೇಕು ಎಂಬುದು ತಜ್ಞರಲ್ಲೇ ಜಗಳದ ವಿಷಯ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಒಂದು ಲೆಕ್ಕ ಕೊಟ್ಟರು. ಒಬ್ಬೊಬ್ಬರೂ ಸರಾಸರಿ 31% ತೊಂದರೆಗಳನ್ನು ತೋರಿಸಿಕೊಡುತ್ತಾರೆ. ಒಬ್ಬರಿಗೆ ಕಂಡದ್ದೇ ಇನ್ನೊಬ್ಬರಿಗೂ ಕಾಣುವುದರಿಂದ ಐದು ಜನರಿಂದ ಒಟ್ಟು ಸುಮಾರು 85% ಸಿಗುತ್ತದೆ. 2001ರಲ್ಲಿ ಸ್ಪೂಲ್ ಮತ್ತು ವಿಲ್ ಶ್ರೋಡರ್ ಆನ್‌ಲೈನ್ ಅಂಗಡಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಐದು ಜನರಿಂದ ಅವರಿಗೆ ಸಿಕ್ಕಿದ್ದು 35% ಮಾತ್ರ.

ಇಬ್ಬರ ಲೆಕ್ಕವೂ ತಪ್ಪಲ್ಲ. ಎಲ್ಲರೂ ಒಂದೇ ದಾರಿಯಲ್ಲಿ ನಡೆಯುವ ತಂತ್ರಾಂಶದಲ್ಲಿ ಐವರು ಎಡವಿದ ಕಡೆಯೇ ಆರನೆಯವರೂ ಎಡವುತ್ತಾರೆ. ದೊಡ್ಡ ಅಂಗಡಿಯಲ್ಲಿ ಹಾಗಲ್ಲ. ಒಬ್ಬರು ಹುಡುಕುವ ಡಬ್ಬಿಯಿಂದ ಶುರು ಮಾಡುತ್ತಾರೆ, ಇನ್ನೊಬ್ಬರು ವಿಭಾಗಗಳಿಂದ, ಮತ್ತೊಬ್ಬರು ಯಾರೋ ಕಳಿಸಿದ ಲಿಂಕಿನಿಂದ. ದಾರಿ ಹೆಚ್ಚಾದಷ್ಟೂ ಜನ ಹೆಚ್ಚು ಬೇಕು. ಚಿಕ್ಕ ಅಂಗಡಿಗೆ ನನ್ನ ಸಲಹೆ ಇಷ್ಟು: ಐವರಿಂದ ಶುರು ಮಾಡಿ, ಸರಿಪಡಿಸಿ, ಮತ್ತೆ ಬೇರೆ ಐವರನ್ನು ಕೂರಿಸಿ. ಒಂದು ಸಲ ಮಾಡಿ ಮುಗಿಸುವ ಕೆಲಸ ಇದಲ್ಲ.

‘ಹೇಗಿತ್ತು?’ ಎಂದು ಕೇಳಿ ಅಂಕ ಪಡೆಯುವ ಪ್ರಶ್ನಾವಳಿಗಳೂ ಇವೆ. 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಹತ್ತು ಹೇಳಿಕೆಗಳ ಎಸ್‌ಯುಎಸ್ ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ನೂರಕ್ಕೆ 68 ಸಾಧಾರಣ ಅಂಕ. ಇದನ್ನು ಒಂಟಿಯಾಗಿ ನಂಬಬಾರದು. ಕೆಲಸ ಮುಗಿಸಲಾಗದವರೂ ಒಳ್ಳೆಯ ಅಂಕ ಕೊಡುವುದುಂಟು, ಯಾಕೆಂದರೆ ತಪ್ಪು ತಮ್ಮದೇ ಎಂದುಕೊಂಡಿರುತ್ತಾರೆ.

ಅಂಕಿ ಏನನ್ನು ಹೇಳುವುದಿಲ್ಲ

ದೊಡ್ಡ ಕಂಪನಿಗಳು ಹೆಚ್ಚು ನಂಬುವುದು ಎ/ಬಿ ಪರೀಕ್ಷೆಯನ್ನು. ಒಂದೇ ಪುಟದ ಎರಡು ರೂಪ ಮಾಡಿ, ಅರ್ಧ ಜನರಿಗೆ ಒಂದು, ಉಳಿದರ್ಧಕ್ಕೆ ಇನ್ನೊಂದು ತೋರಿಸುತ್ತಾರೆ. ಯಾವುದರಲ್ಲಿ ವ್ಯಾಪಾರ ಜಾಸ್ತಿಯೋ ಅದು ಉಳಿಯುತ್ತದೆ. ಲಕ್ಷಗಟ್ಟಲೆ ಜನರ ನಿಜವಾದ ನಡವಳಿಕೆ ಸಿಗುತ್ತದೆ, ಯಾರ ಅಭಿಪ್ರಾಯವೂ ನಡುವೆ ಬರುವುದಿಲ್ಲ. ಇದು ಅದರ ನಿಜವಾದ ಬಲ.

ದೌರ್ಬಲ್ಯವೂ ಅಲ್ಲೇ ಇದೆ. ಗೆದ್ದದ್ದು ಯಾವುದು ಎಂದು ಈ ಪರೀಕ್ಷೆ ಹೇಳುತ್ತದೆ, ಯಾಕೆ ಗೆದ್ದಿತು ಎಂದು ಹೇಳುವುದಿಲ್ಲ. ಸ್ಪಷ್ಟವಾಗಿ ಬರೆದದ್ದಕ್ಕೆ ಜನ ಒಪ್ಪಿದರೂ ಅಂಕಿ ಏರುತ್ತದೆ. ‘ಬೇಡ’ ಎಂಬ ಬಟನ್ ಕಾಣದೆ ಒಪ್ಪಿದರೂ ಅಷ್ಟೇ ಏರುತ್ತದೆ. ಎರಡಕ್ಕೂ ಒಂದೇ ಹಸಿರು ಗೆರೆ.

ಇದು ಬರೀ ಊಹೆಯಲ್ಲ. ಅಮೆರಿಕದ ಕಾನೂನು ವಿದ್ವಾಂಸರಾದ ಜೇಮೀ ಲುಗುರಿ ಮತ್ತು ಲಿಯೊರ್ ಸ್ಟ್ರಾಹಿಲೆವಿಟ್ಜ್ 2021ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಜನರನ್ನು ಹಣ ಕಟ್ಟಬೇಕಾದ ಒಂದು ಸೇವೆಗೆ ಸೇರುತ್ತೀರಾ ಎಂದು ಕೇಳಲಾಯಿತು. ಸ್ವಲ್ಪ ಒತ್ತಡದ, ದಾರಿ ತಪ್ಪಿಸುವ ವಿನ್ಯಾಸದಲ್ಲಿ ಒಪ್ಪಿದವರ ಪ್ರಮಾಣ ಎರಡು ಪಟ್ಟಿಗೂ ಮೀರಿತು. ಜೋರಾದ ಒತ್ತಡದಲ್ಲಿ ಹತ್ತಿರ ಹತ್ತಿರ ನಾಲ್ಕು ಪಟ್ಟಾಯಿತು. ಸೌಮ್ಯ ರೂಪಕ್ಕೆ ಹೆಚ್ಚು ಬಲಿಯಾದವರು ಕಡಿಮೆ ಓದಿದವರು. ಇದನ್ನೇ ಎ/ಬಿ ಪರೀಕ್ಷೆಯಾಗಿ ನಡೆಸಿದ್ದರೆ ಗೆಲ್ಲುತ್ತಿದ್ದ ವಿನ್ಯಾಸ ಯಾವುದು ಎಂದು ಬೇರೆ ಹೇಳಬೇಕಿಲ್ಲ.

ಇಂಥ ವಿನ್ಯಾಸಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರು ಕೊಟ್ಟವರು ವಿನ್ಯಾಸ ತಜ್ಞ ಹ್ಯಾರಿ ಬ್ರಿಗ್ನಲ್, 2010ರಲ್ಲಿ. 2019ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ ಸುಮಾರು 11,000 ಶಾಪಿಂಗ್ ಸೈಟುಗಳನ್ನು ಜಾಲಾಡಿದಾಗ 1,818 ಉದಾಹರಣೆ ಸಿಕ್ಕವು. ಅಂಥವು ಇದ್ದದ್ದು 1,254 ಸೈಟುಗಳಲ್ಲಿ. ಮುಗಿದರೂ ರಿಯಾಯಿತಿ ಹಾಗೇ ಉಳಿಯುವ ಕ್ಷಣಗಣನೆಯ ಗಡಿಯಾರಗಳೂ ಅದರಲ್ಲಿದ್ದವು.

ಈ ಸೈಟುಗಳನ್ನೆಲ್ಲ ದುಷ್ಟರು ಕೂತು ಮಾಡಿದ್ದಾರೆ ಎಂದು ನಂಬಬೇಕಿಲ್ಲ. ಒಬ್ಬ ಡಿಸೈನರ್ ಮೂರು ರೂಪ ಮಾಡುತ್ತಾರೆ. ಅಂಕಿ ಒಂದನ್ನು ಆರಿಸುತ್ತದೆ. ಮುಂದಿನ ಸಲ ಅದರ ಮೂರು ರೂಪ. ಮತ್ತೆ ಅಂಕಿ ಆರಿಸುತ್ತದೆ. ವರ್ಷ ಕಳೆಯುವಷ್ಟರಲ್ಲಿ ‘ಬೇಡ’ ಎಂಬ ಮಾತು ಬೂದು ಬಣ್ಣದ ಸಣ್ಣ ಅಕ್ಷರವಾಗಿ ಮೂಲೆ ಸೇರಿರುತ್ತದೆ, ಯಾರೂ ಹಾಗೆ ತೀರ್ಮಾನಿಸದೆಯೇ. ಅಮೆಜಾನ್ ವಿಷಯದಲ್ಲಿ ಎಫ್‌ಟಿಸಿಯ ಆರೋಪ ಇದಕ್ಕಿಂತ ಗಂಭೀರ. ಮೇಲಿನವರಿಗೆ ತೊಂದರೆ ಗೊತ್ತಿತ್ತು, ಸರಿಪಡಿಸುವ ಬದಲಾವಣೆಗಳನ್ನು ಅವರು ತಡೆದರು ಅಥವಾ ತಡ ಮಾಡಿದರು ಎಂದು ಅದು ಹೇಳಿತ್ತು.

ಕಂಪನಿಗಳ ಕಡೆಯ ವಾದ

ಅವರ ವಾದದಲ್ಲೂ ಕೇಳಬೇಕಾದದ್ದಿದೆ. ಹೊರಡುವ ಮೊದಲು ಒಂದು ಪ್ರಶ್ನೆ ಕೇಳುವುದು ಸಹಾಯವೇ. ಕೈತಪ್ಪಿ ಒತ್ತಿರಬಹುದು. ಕಟ್ಟಿದ ಹಣದ ಅವಧಿ ಇನ್ನೂ ಬಾಕಿ ಇರಬಹುದು. ಕಡಿಮೆ ದರದ ಯೋಜನೆ ಇದೆ ಎಂದು ತಿಳಿದರೆ ಕೆಲವರು ಖುಷಿಯಿಂದಲೇ ಉಳಿಯುತ್ತಾರೆ. ಯಾವುದು ಮಾಹಿತಿ, ಯಾವುದು ಒತ್ತಡ ಎಂದು ಕಾನೂನು ಗೆರೆ ಎಳೆದು ಹೇಳಿಲ್ಲ ಎಂಬ ದೂರೂ ಇದೆ.

ಯೂಸಬಿಲಿಟಿಗೆ ನೀಲ್ಸನ್ ಕೊಟ್ಟ ಪ್ರಸಿದ್ಧ ಹತ್ತು ಸೂತ್ರಗಳಲ್ಲಿ ಎರಡು ಇಲ್ಲಿ ಎದುರುಬದುರಾಗುತ್ತವೆ. ಒಂದು ತಪ್ಪಾಗದಂತೆ ತಡೆಯಿರಿ ಎನ್ನುತ್ತದೆ. ಇನ್ನೊಂದು ಹೊರಹೋಗುವ ಬಾಗಿಲು ಸ್ಪಷ್ಟವಾಗಿ ಕಾಣಲಿ ಎನ್ನುತ್ತದೆ. ಒಂದು ಸಲ ‘ಖಚಿತವೇ?’ ಎಂದು ಕೇಳಿದರೆ ಎರಡೂ ಉಳಿಯುತ್ತವೆ. ನಾಲ್ಕನೆಯ ಪುಟದ ಹೊತ್ತಿಗೆ ಯಾವ ತಪ್ಪನ್ನೂ ತಡೆಯುತ್ತಿರುವುದಿಲ್ಲ. ಗೆರೆ ಎಳೆಯುವುದು ಕಂಪನಿಗಳು ಹೇಳುವಷ್ಟು ಕಷ್ಟವಲ್ಲ. ರದ್ದು ಮಾಡಲು ಬಂದವರ ಪಕ್ಕ ಕೂತು ನೋಡಿ. ಪುಟ ಓದಿ ಮನಸ್ಸು ಬದಲಿಸಿದರೇ, ಅಥವಾ ರದ್ದಾಯಿತು ಎಂದುಕೊಂಡು ಮುಚ್ಚಿ ಎದ್ದುಹೋದರೇ? ಎರಡನೆಯದು ಆಗಿದ್ದರೆ ಆ ಪುಟ ಸೋತಿದೆ.

ಕಣ್ಣು ಕಾಣದವರು ಪರೀಕ್ಷೆಯಲ್ಲಿ ಇದ್ದಾರೆಯೇ?

‘ಯಾರಿಗೆ ಸಲೀಸು’ ಎಂಬ ಪ್ರಶ್ನೆ ತುಂಬಾ ಬಿಗಿಯಾಗುವುದು ಇಲ್ಲಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ ಪುಟವನ್ನು ಕೇಳಿಸಿಕೊಳ್ಳುತ್ತಾರೆ. ಚಿತ್ರಕ್ಕೆ ವಿವರಣೆ ಬರೆಯದಿದ್ದರೆ ಅವರಿಗೆ ಅಲ್ಲಿ ಸಾಮಾನೇ ಇಲ್ಲ. ಮೌಸ್‌ನಿಂದ ಮಾತ್ರ ಒತ್ತಬಹುದಾದ ಬಟನ್ ಅವರ ಪಾಲಿಗೆ ಗೋಡೆ. ಅಮೆರಿಕದ ಟಾರ್ಗೆಟ್ ಅಂಗಡಿಯ ಸೈಟಿನ ಮೇಲೆ 2006ರಲ್ಲಿ ಇದೇ ಕಾರಣಕ್ಕೆ ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟ ಮೊಕದ್ದಮೆ ಹೂಡಿತ್ತು. 2008ರಲ್ಲಿ 60 ಲಕ್ಷ ಡಾಲರ್‌ಗೆ ರಾಜಿಯಾಯಿತು.

ಆಮೇಲೆ ಎಷ್ಟು ಸುಧಾರಿಸಿದೆ? ವೆಬ್‌ಏಮ್ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಸೈಟುಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸುತ್ತದೆ. 2025ರಲ್ಲಿ 94.8% ಪುಟಗಳಲ್ಲಿ ಲೋಪ ಕಂಡಿತು. ಬಹುತೇಕ ಕಡೆ ಕಂಡ ಲೋಪ ಹಿನ್ನೆಲೆಯಲ್ಲಿ ಕರಗಿಹೋಗುವ ಮಸುಕು ಅಕ್ಷರ. ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಎಂದು ಡಬ್ಲ್ಯುಸಿಎಜಿ ಎಂಬ, ಸೈಟುಗಳು ಅಂಗವಿಕಲರಿಗೂ ಬಳಸಲು ಬರಲಿ ಎಂದು ಮಾಡಿದ ಮಾರ್ಗಸೂಚಿ ಹೇಳುತ್ತದೆ. ಬಿಸಿಲಲ್ಲಿ ಮೊಬೈಲ್ ಹಿಡಿದವರಿಗೂ, ವಯಸ್ಸಾದವರಿಗೂ ಇದೇ ನಿಯಮ ನೆರವಾಗುತ್ತದೆ.

ಯುರೋಪಿನಲ್ಲಿ 2025ರ ಜೂನ್ 28ರಿಂದ ಅಂಗವಿಕಲರೂ ಬಳಸುವಂತೆ ಸೈಟು ಇರುವುದು ಆನ್‌ಲೈನ್ ಅಂಗಡಿಗಳಿಗೂ ಕಡ್ಡಾಯ. ತೀರಾ ಚಿಕ್ಕ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ. ಒಂದು ಸಾಲು ಕೋಡ್ ಹಾಕಿದರೆ ಎಲ್ಲ ತಾನೇ ಸರಿಹೋಗುತ್ತದೆ ಎಂದು ಹೇಳಿ ಮಾರುವವರ ಬಗ್ಗೆ ಎಚ್ಚರ ಇರಲಿ. ಅಂಥ ಮಾತು ಹೇಳಿ ತಂತ್ರಾಂಶ ಮಾರಿದ ಆಕ್ಸೆಸಿಬಿ ಕಂಪನಿ ಮೇಲೆ 2025ರಲ್ಲಿ ಎಫ್‌ಟಿಸಿ 10 ಲಕ್ಷ ಡಾಲರ್ ಹೊರಿಸಿತು.

ಮುಂದೆ ಏನಾಗಬಹುದು?

ಕಾನೂನು ಒಂದೇ ದಿಕ್ಕಿಗೆ ನಡೆಯುತ್ತಿಲ್ಲ. ಸೇರಿದಷ್ಟೇ ಸುಲಭವಾಗಿ ಬಿಡಲೂ ಆಗಬೇಕು ಎಂಬ ನಿಯಮವನ್ನು ಎಫ್‌ಟಿಸಿ 2024ರ ಅಕ್ಟೋಬರ್‌ನಲ್ಲಿ ಅಂತಿಮಗೊಳಿಸಿತ್ತು. 2025ರ ಜುಲೈನಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ರದ್ದು ಮಾಡಿತು, ನಿಯಮ ರೂಪಿಸಿದ ಕ್ರಮ ಸರಿಯಿಲ್ಲ ಎಂಬ ಕಾರಣಕ್ಕೆ. ಆದರೂ ಆನ್‌ಲೈನ್ ಗ್ರಾಹಕರನ್ನು ಕಾಯುವ 2010ರ ಹಳೆಯ ಕಾನೂನಿನ ಬಲದಿಂದಲೇ ಅಮೆಜಾನ್ ರಾಜಿಗೆ ಬಂತು. ಭಾರತದಲ್ಲಿ 2023ರ ನವೆಂಬರ್ 30ರ ಮಾರ್ಗಸೂಚಿ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಹೆಸರಿಸಿದೆ. ಕೇಳದೆ ಕಾರ್ಟ್‌ಗೆ ಸಾಮಾನು ಸೇರಿಸುವುದೂ, ಬಿಡಲಾಗದ ಚಂದಾದಾರಿಕೆಯೂ ಆ ಪಟ್ಟಿಯಲ್ಲಿವೆ. 2025ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮೂರು ತಿಂಗಳೊಳಗೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ ಎಂದು ಇ-ಕಾಮರ್ಸ್ ಕಂಪನಿಗಳಿಗೆ ಹೇಳಿತು.

ಹೀಗೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವಾಗ ಯಾವ ಕೆಲಸಗಳನ್ನು ಪಟ್ಟಿಗೆ ಸೇರಿಸುತ್ತಾರೆ ಎಂಬುದರ ಮೇಲೆ ಫಲ ನಿಂತಿದೆ. ಪಟ್ಟಿ ಮಾಡುವವರು ಮಾರಾಟ ವಿಭಾಗದವರಾದರೆ ಹೊರಬಾಗಿಲು ಅದರಲ್ಲಿ ಇರುವುದು ಅನುಮಾನ.

ಇನ್ನೊಂದು ಪರಿಣಾಮ ಈಗಲೇ ಚಿಂತೆ ಹುಟ್ಟಿಸುತ್ತದೆ. ಅಮೆಜಾನ್ ವಿರುದ್ಧ ಸಾಕ್ಷಿಯಾಗಿ ಬಂದದ್ದು ಕಂಪನಿಯೊಳಗಿನ ಬರಹಗಳೇ. ಜನ ಇಲ್ಲಿ ದಾರಿ ತಪ್ಪುತ್ತಿದ್ದಾರೆ ಎಂದು ಒಳಗಿನವರೇ ಬರೆದಿಟ್ಟಿದ್ದರು. ಇದರಿಂದ ಎರಡು ಪಾಠ ಕಲಿಯಬಹುದು. ಗೊತ್ತಾದ ಕೂಡಲೇ ಸರಿಪಡಿಸಬೇಕು ಎಂಬುದು ಒಂದು. ಇನ್ನು ಮುಂದೆ ಬರೆದಿಡಬಾರದು ಎಂಬುದು ಇನ್ನೊಂದು. ಎರಡನೆಯದನ್ನು ಕಲಿತ ಕಂಪನಿಯಲ್ಲಿ ಪರೀಕ್ಷೆ ನಡೆಸುವವರೇ ಮೊದಲು ಬಾಯಿ ಮುಚ್ಚಬೇಕಾಗುತ್ತದೆ. ಹಾಗಾಗದಿರಲು ತನಿಖೆ ಮಾಡುವವರು ಒಂದು ಕೆಲಸ ಮಾಡಬಹುದು. ತೊಂದರೆ ಕಂಡುಹಿಡಿದು ಬೇಗ ಸರಿಪಡಿಸಿದವರನ್ನು, ಕಂಡೂ ಬಿಟ್ಟವರಿಂದ ಬೇರೆಯಾಗಿ ನೋಡಬೇಕು.

ರಾಜಿಯ ಷರತ್ತುಗಳಲ್ಲಿ ಬಟನ್ನಿನ ಮಾತೂ ಇದೆ. ಸದಸ್ಯತ್ವ ಬೇಡ ಎನ್ನುವ ಬಟನ್ ಎದ್ದು ಕಾಣಬೇಕು. ‘ಬೇಡ, ನನಗೆ ಉಚಿತ ಸಾಗಣೆ ಬೇಡ’ ಎಂದು ಗ್ರಾಹಕರಿಂದ ಹೇಳಿಸುವಂತಿಲ್ಲ. ಹಣ ವಾಪಸ್ ಪಡೆಯಲು ಅರ್ಹರಾದವರಲ್ಲಿ ಒಂದು ಗುಂಪು, ರದ್ದು ಮಾಡಲು ಹೊರಟು ಮುಗಿಸಲಾಗದೆ ನಿಂತವರು. ಅವರು ಎಷ್ಟನೆಯ ಪುಟದಲ್ಲಿ ನಿಂತರು ಎಂಬುದು ಅಂಗಡಿಗಳ ದಾಖಲೆಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ವ್ಯಾಪಾರದ ವರದಿಯಲ್ಲಿ ಅವರನ್ನು ‘ಉಳಿದ ಗ್ರಾಹಕರು’ ಎಂದು ಎಣಿಸುತ್ತಾರೆ. ಈ ರಾಜಿಯಲ್ಲಿ ಅದೇ ಜನರನ್ನು ಹಣ ಮರಳಿಸಬೇಕಾದವರು ಎಂದು ಎಣಿಸಲಾಗಿದೆ.